ಮೇಷ್ಟ್ರ ಮೈ ಆಡುವ ಮಾತು

ಶಿಕ್ಷಕರ ದೇಹಭಾಷೆಯನ್ನು ಕುರಿತ ಮಾತು ಒಂದು ಕುದುರೆಯಿಂದ ಆರಂಭವಾಗುವುದು ಸಭಿಕರಿಗೆ ವಿಚಿತ್ರವೆನಿಸಬಹುದು. ಆದರೆ ಆ ಕುದುರೆಗೆ ಪಾಠ ಹೇಳಿದವರು ಒಬ್ಬ ಗಣಿತದ ಮೇಷ್ಟ್ರು. ಪಾಠ ಹೇಳುವವನ ಮೈ ಅವನಿಗೇ ಅರಿವಿಲ್ಲದಂತೆ ಏನೇನು ಹೇಳಿಬಿಡುತ್ತದೆ ಎಂಬುದು ಪರೀಕ್ಷೆಯಿಂದ ಖಚಿತವಾದದ್ದು ಆ ಕುದುರೆಯ ದೆಸೆಯಿಂದ.

ಬರ್ಲಿನ್ ನಗರದ ವಿಲ್ಹೆಲ್ಮ್ ಫಾನ್ ಓಸ್ಟನ್ ಹಿಂದೆ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು. ಮಕ್ಕಳಿಗೆ ಕಲಿಸುವ ಹಾಗೆ ತಾಳ್ಮೆಯಿಂದ ಕಲಿಸಿದರೆ ಪ್ರಾಣಿಗಳೂ ಲೆಕ್ಕ ಕಲಿಯುತ್ತವೆ ಎಂಬುದು ಅವರ ಗಟ್ಟಿ ನಂಬಿಕೆ. ಹಾನ್ಸ್ ಎಂಬ ತಮ್ಮ ಕುದುರೆಯನ್ನು ಅಂಗಳದಲ್ಲಿ ಕಪ್ಪು ಹಲಗೆ, ಮಣಿ ಪೋಣಿಸಿದ ಚೌಕಟ್ಟುಗಳ ಮುಂದೆ ನಿಲ್ಲಿಸಿಕೊಂಡು ಅವರು ವರ್ಷಗಟ್ಟಲೆ ಪಾಠ ಹೇಳಿದರು. ಸರಿಯುತ್ತರಕ್ಕೆ ಬಹುಮಾನವಾಗಿ ತಿನಿಸು ಕೊಡುತ್ತಿದ್ದರು. ಮೂರಕ್ಕೆ ನಾಲ್ಕು ಸೇರಿಸಿದರೆ ಎಷ್ಟು ಎಂದು ಕೇಳಿದರೆ ಹಾನ್ಸ್ ಗೊರಸಿನಿಂದ ಏಳು ಸಲ ನೆಲ ತಟ್ಟಿ ನಿಲ್ಲಿಸುತ್ತಿತ್ತು. ಭಿನ್ನರಾಶಿ ಮಾಡುತ್ತಿತ್ತು, ತಾರೀಖು ಹೇಳುತ್ತಿತ್ತು. ನೋಡಲು ಜನಜಾತ್ರೆ. ಮೇಷ್ಟ್ರು ಯಾರಿಂದಲೂ ಒಂದು ಕಾಸು ಪಡೆಯಲಿಲ್ಲ. 1904ರಲ್ಲಿ ವಿದ್ವಾಂಸರ ಒಂದು ಸಮಿತಿ ಅಂಗಳಕ್ಕೆ ಬಂತು. ಅದರಲ್ಲಿ ಪಶುವೈದ್ಯ, ಶಾಲಾ ಶಿಕ್ಷಕರಷ್ಟೇ ಅಲ್ಲ, ಕಣ್ಕಟ್ಟಿನ ಒಳಗುಟ್ಟು ಬಲ್ಲ ಸರ್ಕಸ್ಸಿನ ವ್ಯವಸ್ಥಾಪಕನೂ ಇದ್ದ. ಇಲ್ಲಿ ಮೋಸವೇನೂ ಇಲ್ಲ ಎಂದು ಸಮಿತಿ ತೀರ್ಮಾನಿಸಿತು.

ಗುಟ್ಟು ಬಿಡಿಸಿದವರು ಆಸ್ಕರ್ ಫುಂಗ್ಸ್ಟ್ ಎಂಬ ತರುಣ ಸಂಶೋಧಕ. ಅವರ ಉಪಾಯ ಸರಳವಾಗಿತ್ತು. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿರದಂತೆ ಮಾಡಿದರೆ? ಕೇಳುವವನಿಗೆ ಉತ್ತರ ಗೊತ್ತಿದ್ದಾಗ ನೂರಕ್ಕೆ ತೊಂಬತ್ತರ ಹತ್ತಿರ ಸರಿಯುತ್ತರ ಕೊಡುತ್ತಿದ್ದ ಹಾನ್ಸ್, ಅವನಿಗೆ ಗೊತ್ತಿಲ್ಲದಾಗ ನೂರಕ್ಕೆ ಹತ್ತನ್ನೂ ಮುಟ್ಟಲಿಲ್ಲ. ಕುದುರೆಯ ಕಣ್ಣಿಗೆ ಮರೆ ಕಟ್ಟಿದಾಗಲೂ ಅದೇ ಗತಿ. ಅಂದರೆ ಅದು ಲೆಕ್ಕ ಮಾಡುತ್ತಿರಲಿಲ್ಲ, ಮನುಷ್ಯನನ್ನು ಓದುತ್ತಿತ್ತು. ಪ್ರಶ್ನೆ ಕೇಳಿದವರು ಗೊರಸನ್ನು ನೋಡಲೆಂದು ತುಸು ಮುಂದಕ್ಕೆ ಬಾಗುತ್ತಿದ್ದರು. ಸರಿಯಾದ ಸಂಖ್ಯೆ ಬಂದ ಕ್ಷಣ ಬಿಗಿ ಸಡಿಲಿ ಅವರ ತಲೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಹಾನ್ಸ್ ಅಲ್ಲಿಗೆ ನಿಲ್ಲಿಸುತ್ತಿತ್ತು. 1907ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಫುಂಗ್ಸ್ಟ್ ಇನ್ನೊಂದು ಮಾತನ್ನೂ ದಾಖಲಿಸಿದ್ದಾರೆ: ಇಷ್ಟೆಲ್ಲ ತಿಳಿದ ಮೇಲೂ ಆ ಸೂಕ್ಷ್ಮ ಚಲನೆಯನ್ನು ತಡೆಹಿಡಿಯುವುದು ಸ್ವತಃ ಅವರಿಂದಲೇ ಆಗಲಿಲ್ಲ.

ಓಸ್ಟನ್ ಮೇಷ್ಟ್ರು ಮೋಸಗಾರರಲ್ಲ. ತಮ್ಮ ಶಿಷ್ಯ ಜಾಣ ಎಂದು ಅವರು ಮನಸಾರೆ ನಂಬಿದ್ದರು. ಆ ನಂಬಿಕೆ ಅವರ ಕತ್ತಿನ ಮೂಲಕ ಹೊರಬರುತ್ತಿತ್ತು, ಅಷ್ಟೇ. 1909ರಲ್ಲಿ ಅವರು ಕಹಿಯಲ್ಲೇ ತೀರಿಕೊಂಡರು.

ಒಂದು ಕುದುರೆ ಇಷ್ಟನ್ನು ಓದಬಲ್ಲದಾದರೆ, ದಿನಕ್ಕೆ ಐದಾರು ಗಂಟೆ ಮೇಷ್ಟ್ರ ಮುಖವನ್ನೇ ನೋಡುತ್ತ ಕೂರುವ ಮಗು ಎಷ್ಟನ್ನು ಓದೀತು? ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡವರು ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ರೋಸೆಂಥಾಲ್. ಅವರು ಮೊದಲು ನಡೆಸಿದ್ದು ಇಲಿಗಳ ಪರೀಕ್ಷೆ. ಒಂದೇ ತಳಿಯ ಮಾಮೂಲಿ ಇಲಿಗಳನ್ನು ಕೆಲವು ವಿದ್ಯಾರ್ಥಿಗಳಿಗೆ ‘ಜಾಣ ತಳಿ’ ಎಂದೂ ಉಳಿದವರಿಗೆ ‘ದಡ್ಡ ತಳಿ’ ಎಂದೂ ಹೇಳಿ ಹಂಚಿದರು. ಜಾಣ ಎನ್ನಿಸಿಕೊಂಡ ಇಲಿಗಳೇ ಬೇಗ ಕಲಿತವು. ಅವುಗಳನ್ನು ವಿದ್ಯಾರ್ಥಿಗಳು ಹೆಚ್ಚು ಮೃದುವಾಗಿ ಎತ್ತಿಕೊಂಡಿದ್ದರು.

ಇದನ್ನು ಓದಿದ ಲೆನೋರ್ ಜೇಕಬ್‌ಸನ್ ಎಂಬ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ ರೋಸೆಂಥಾಲರಿಗೆ ಪತ್ರ ಬರೆದರು. ಕ್ಯಾಲಿಫೋರ್ನಿಯಾದ ದಕ್ಷಿಣ ಸಾನ್‌ಫ್ರಾನ್ಸಿಸ್ಕೊದಲ್ಲಿದ್ದ ಅವರ ಶಾಲೆಯಲ್ಲಿ 1964ರಲ್ಲಿ ಮಕ್ಕಳಿಗೆಲ್ಲ ಒಂದು ಬುದ್ಧಿಪರೀಕ್ಷೆ ನಡೆಯಿತು. ನೂರಕ್ಕೆ ಸುಮಾರು 20 ಮಕ್ಕಳ ಹೆಸರನ್ನು ಶಿಕ್ಷಕರಿಗೆ ಕೊಟ್ಟು, ಇವರು ಈ ವರ್ಷ ಇದ್ದಕ್ಕಿದ್ದಂತೆ ಚಿಗುರಲಿದ್ದಾರೆ ಎಂದು ತಿಳಿಸಲಾಯಿತು. ವಾಸ್ತವವಾಗಿ ಆ ಹೆಸರುಗಳನ್ನು ಚೀಟಿ ಎತ್ತಿದ ಹಾಗೆ ಆರಿಸಲಾಗಿತ್ತು. ವರ್ಷದ ಕೊನೆಗೆ ಒಂದನೆಯ ತರಗತಿಯಲ್ಲಿ ಉಳಿದ ಮಕ್ಕಳ ಬುದ್ಧಿಸೂಚ್ಯಂಕ ಸರಾಸರಿ 12 ಅಂಕ ಏರಿದ್ದರೆ, ಪಟ್ಟಿಯಲ್ಲಿದ್ದವರದು 27 ಅಂಕ ಏರಿತ್ತು. ಎರಡನೆಯ ತರಗತಿಯಲ್ಲೂ ವ್ಯತ್ಯಾಸ ಕಂಡಿತು. ಅದಕ್ಕೂ ಮೇಲಿನ ತರಗತಿಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ.

1968ರಲ್ಲಿ ಈ ಪ್ರಯೋಗ ಪುಸ್ತಕವಾಗಿ ಬಂದಾಗ ದೊಡ್ಡ ಗದ್ದಲವೇ ಎದ್ದಿತು. ಬಳಸಿದ ಪರೀಕ್ಷೆಯೇ ಸರಿಯಿಲ್ಲ ಎಂದು ಬಲ್ಲವರು ಕಟುವಾಗಿ ಟೀಕಿಸಿದರು. ಟೀಕೆಯಲ್ಲಿ ಹುರುಳಿತ್ತು. ಮುಂದೆ ದಶಕಗಳ ಕಾಲ ನಡೆದ ಅಧ್ಯಯನಗಳನ್ನೆಲ್ಲ ಲೀ ಜಸ್ಸಿಮ್ ಮತ್ತು ಕೆಂಟ್ ಹಾರ್ಬರ್ 2005ರಲ್ಲಿ ಒಟ್ಟಾಗಿ ತೂಗಿ ನೋಡಿದರು. ಶಿಕ್ಷಕರ ನಿರೀಕ್ಷೆಯ ಪರಿಣಾಮ ನಿಜ, ಆದರೆ ಸಾಮಾನ್ಯವಾಗಿ ಅದು ಸಣ್ಣದು ಎಂದು ಅವರು ಹೇಳಿದರು. ಜೊತೆಗೆ ಇನ್ನೊಂದನ್ನೂ ಹೇಳಿದರು: ಸಮಾಜ ಮೊದಲೇ ಕೀಳಾಗಿ ಕಾಣುವ ಗುಂಪುಗಳ ಮಕ್ಕಳ ಮೇಲೆ ಆ ಪರಿಣಾಮ ದೊಡ್ಡದಾಗಿರುವ ಸಾಧ್ಯತೆ ಇದೆ. ನಮ್ಮ ಶಾಲೆಗಳ ಮಟ್ಟಿಗೆ ಮುಖ್ಯವಾದದ್ದು ಈ ಕೊನೆಯ ಮಾತು.

ಮಕ್ಕಳನ್ನು ‘ದಡ್ಡರು’ ಎಂದು ಶಿಕ್ಷಕರಿಗೆ ಹೇಳಿ ನೋಡುವ ಪ್ರಯೋಗವನ್ನು ರೋಸೆಂಥಾಲ್ ಆ ಶಾಲೆಯಲ್ಲಿ ಮಾಡಲಿಲ್ಲ. ಮಾಡಬಾರದು ಕೂಡ. ಆದರೆ ನಮ್ಮ ಸ್ಟಾಫ್ ರೂಮುಗಳಲ್ಲಿ ಅದು ಜೂನ್ ತಿಂಗಳ ಮೊದಲ ವಾರದಲ್ಲೇ ಚಹಾ ಕುಡಿಯುತ್ತ ನಡೆದುಹೋಗುತ್ತದೆ. ‘ಆ ಹುಡುಗನಾ? ಅವರಣ್ಣನೂ ಹಾಗೇ ಇದ್ದ ಬಿಡಿ ಸಾರ್.’ ಅಷ್ಟು ಸಾಕು.

ಹೇಳಿಕೆ ಶಿಕ್ಷಕರ ಕಿವಿಗೆ ಬಿದ್ದಿತು, ಸರಿ. ಅದು ಮಗುವನ್ನು ತಲುಪುವುದು ಯಾವ ದಾರಿಯಲ್ಲಿ? ಯಾವ ಶಿಕ್ಷಕನೂ ಮಗುವಿನ ಮುಂದೆ ನಿಂತು ‘ನಿನ್ನ ಮೇಲೆ ನಿರೀಕ್ಷೆ ಇಲ್ಲ’ ಎನ್ನುವುದಿಲ್ಲ. (ಎನ್ನುವವರೂ ಉಂಟು, ಅವರ ಮಾತು ಇಲ್ಲಿ ಬೇಡ.) 1974ರಲ್ಲಿ ಚೈಕಿನ್ ಮತ್ತು ಸಂಗಡಿಗರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಂದ ಬಾಲಕನೊಬ್ಬನಿಗೆ ಪಾಠ ಹೇಳಿಸಿ ಚಿತ್ರೀಕರಿಸಿದರು. ಕೆಲವರಿಗೆ ಹುಡುಗ ಜಾಣ ಎಂದೂ ಕೆಲವರಿಗೆ ಮಂದ ಎಂದೂ ಹೇಳಲಾಗಿತ್ತು. ಜಾಣ ಎಂದು ನಂಬಿದವರು ಹುಡುಗನತ್ತ ಹೆಚ್ಚು ಬಾಗಿದರು, ಹೆಚ್ಚು ನಕ್ಕರು, ಹೆಚ್ಚು ಸಲ ತಲೆದೂಗಿದರು, ಅವನ ಕಣ್ಣನ್ನು ಹೆಚ್ಚು ಹೊತ್ತು ನೋಡಿದರು. ಬರ್ಲಿನ್ನಿನ ಅಂಗಳದಲ್ಲಿ ಬಾಗಿದ ಅದೇ ಬೆನ್ನು, ಎದ್ದ ಅದೇ ತಲೆ.

ಇದಕ್ಕಿಂತ ಬೆರಗಿನದು ಇಸ್ರೇಲಿನ ಎಲಿಶಾ ಬಾಬಾದ್ ಅವರು ರೋಸೆಂಥಾಲ್ ಮತ್ತು ಬರ್ನಿಯೇರಿ ಅವರೊಡನೆ 1991ರಲ್ಲಿ ಪ್ರಕಟಿಸಿದ ಅಧ್ಯಯನ. ಶಿಕ್ಷಕರು ಒಬ್ಬ ಮುಂದಿರುವ ವಿದ್ಯಾರ್ಥಿಯೊಡನೆ, ಒಬ್ಬ ಹಿಂದುಳಿದ ವಿದ್ಯಾರ್ಥಿಯೊಡನೆ ಮಾತನಾಡುವುದನ್ನು ಚಿತ್ರೀಕರಿಸಿ, ಅದರಲ್ಲಿ 10 ಸೆಕೆಂಡಿನ ತುಣುಕುಗಳನ್ನು ತೆಗೆದರು. ತುಣುಕಿನಲ್ಲಿ ಶಿಕ್ಷಕರು ಮಾತ್ರ ಕಾಣುತ್ತಿದ್ದರು. ಎದುರಿದ್ದ ವಿದ್ಯಾರ್ಥಿ ಕಾಣುತ್ತಿರಲಿಲ್ಲ. ಆ ಶಿಕ್ಷಕರ ಪರಿಚಯವೇ ಇಲ್ಲದ ನಾಲ್ಕನೆಯ ತರಗತಿಯ ಮಕ್ಕಳು ಕೂಡ, ಅಷ್ಟೇ ನೋಡಿ, ಇವರು ಮಾತಾಡುತ್ತಿರುವುದು ಒಳ್ಳೆಯ ವಿದ್ಯಾರ್ಥಿಯ ಹತ್ತಿರವೋ ಅಲ್ಲವೋ ಎಂಬುದನ್ನು ಗುರುತಿಸಿದರು. ತಾವು ಎಲ್ಲರನ್ನೂ ಸಮಾನವಾಗಿ ನೋಡುತ್ತೇವೆ ಎಂದು ಪ್ರಾಮಾಣಿಕವಾಗಿ ನಂಬಿರುವ ಶಿಕ್ಷಕರು ಈ ಸಭೆಯಲ್ಲೂ ಇರಬಹುದು. ಅವರ ತರಗತಿಯ ಮಕ್ಕಳನ್ನು ಒಮ್ಮೆ ಕೇಳಬೇಕಷ್ಟೆ.

ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿ 2013ರಲ್ಲಿ ಅಕಾಲದಲ್ಲಿ ತೀರಿಕೊಂಡ ನಳಿನಿ ಅಂಬಾಡಿಯವರ ಹೆಸರನ್ನೂ ಇಲ್ಲಿ ನೆನೆಯಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದ 13 ಬೋಧಕರ ಪಾಠದಿಂದ ತಲಾ ಅರ್ಧ ನಿಮಿಷದ ಚಿತ್ರವನ್ನು ಧ್ವನಿಯಿಲ್ಲದೆ ಅಪರಿಚಿತರಿಗೆ ತೋರಿಸಿ ಅವರು ಅಂಕ ಹಾಕಿಸಿದರು. ಆ ಅಂಕಗಳು, ಅದೇ ಬೋಧಕರ ವಿದ್ಯಾರ್ಥಿಗಳು ಅವಧಿಯ ಕೊನೆಗೆ ಕೊಟ್ಟ ಅಂಕಗಳಿಗೆ ಬಹುಮಟ್ಟಿಗೆ ಹೊಂದಿಕೊಂಡವು. 1993ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಒಂದು ಎಚ್ಚರಿಕೆಯೊಡನೆ ಓದಬೇಕು. ಅಲ್ಲಿ ಅಳೆದದ್ದು ಬೋಧಕರು ವಿದ್ಯಾರ್ಥಿಗಳಿಗೆ ಎಷ್ಟು ಹಿಡಿಸಿದರು ಎಂಬುದನ್ನು. ವಿದ್ಯಾರ್ಥಿಗಳು ಎಷ್ಟು ಕಲಿತರು ಎಂಬುದನ್ನಲ್ಲ.

ಇಂಥ ಸಂಗತಿಗಳು ತಿಳಿದುಬಂದ ಮೇಲೆ ದೇಹಭಾಷೆಯನ್ನು ಕಲಿಸುವ ಶಿಬಿರಗಳು ಹುಟ್ಟಿಕೊಂಡದ್ದು ಸಹಜ. ಮಾತಿಗೆ ನೂರಕ್ಕೆ 7 ಪಾಲು ಬೆಲೆ, ಧ್ವನಿಗೆ 38, ಉಳಿದ 55 ದೇಹಕ್ಕೆ ಎಂಬ ಲೆಕ್ಕವನ್ನು ಕೇಳದ ಶಿಬಿರಾರ್ಥಿ ಇರಲಾರ. ಈ ಅಂಕಿಗಳು ಆಲ್ಬರ್ಟ್ ಮೆಹ್ರಾಬಿಯನ್ ಅವರ 1967ರ ಎರಡು ಪುಟ್ಟ ಪ್ರಯೋಗಗಳಿಂದ ಬಂದವು. ಅಲ್ಲಿ ಬಿಡಿ ಪದಗಳನ್ನು ಬೇರೆ ಬೇರೆ ಧ್ವನಿ, ಮುಖಭಾವಗಳೊಡನೆ ಒಡ್ಡಿ, ಹೇಳುವವರಿಗೆ ಇಷ್ಟವಿದೆಯೋ ಇಲ್ಲವೋ ಎಂಬುದನ್ನು ಮಾತ್ರ ಊಹಿಸಲು ಕೇಳಲಾಗಿತ್ತು. ಭಾವನೆಗಳ ಆಚೆ ಈ ಲೆಕ್ಕ ಸಲ್ಲದು ಎಂದು ಮೆಹ್ರಾಬಿಯನ್ ಅವರೇ ಹೇಳಿದ್ದಾರೆ. ಪೈಥಾಗೊರಸನ ಪ್ರಮೇಯವನ್ನು ನೂರಕ್ಕೆ 55 ಪಾಲು ಕೈಸನ್ನೆಯಿಂದ ಕಲಿಸಲು ಬರುತ್ತದೆಯೇ? ಪಾಠ ಬರದ ಮೇಷ್ಟ್ರು ಎಷ್ಟು ನಕ್ಕರೂ ಪಾಠ ಬಂದಂತಾಗುವುದಿಲ್ಲ.

ಶಿಬಿರಗಳಲ್ಲಿ ಕಲಿಸುವುದು ಕೈಯನ್ನು ಹೇಗೆ ಹಿಡಿಯಬೇಕು, ಎಲ್ಲಿ ನಿಲ್ಲಬೇಕು, ಯಾವಾಗ ಮುಗುಳ್ನಗಬೇಕು ಎಂಬುದನ್ನು. ಇದನ್ನು ಶಾಸ್ತ್ರವಾಗಿಸಿದ ನಾಡು ಇದು. ಭರತನ ನಾಟ್ಯಶಾಸ್ತ್ರ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಕಣ್ಣು, ಹುಬ್ಬು, ಕತ್ತು, ಕೈಗಳ ಚಲನೆಯನ್ನು ಒಂದೊಂದಾಗಿ ಹೆಸರಿಟ್ಟು ಹೇಳುವುದು ಆಂಗಿಕ. ಬೆವರುವುದು, ಮೈ ನಡುಗುವುದು, ಧ್ವನಿ ಒಡೆಯುವುದು, ಬಣ್ಣಗೆಡುವುದು ಮೊದಲಾದ ಎಂಟು ಸಾತ್ವಿಕಕ್ಕೆ ಸೇರಿದವು. ಮನಸ್ಸು ಅದರಲ್ಲಿ ನೆಲೆಯಾಗಿ ನಿಲ್ಲದೆ ಇವು ಬರುವುದಿಲ್ಲ ಎಂಬುದು ಶಾಸ್ತ್ರದ ಮಾತು. ಶಿಬಿರಗಳು ಕಲಿಸುವುದು ಆಂಗಿಕವನ್ನು. ಮಕ್ಕಳು ಓದುವುದು ಸಾತ್ವಿಕವನ್ನು. ಆ ಹುಡುಗಿಗೆ ಗಣಿತ ಹತ್ತುವುದಿಲ್ಲ ಎಂದು ಒಳಗೇ ತೀರ್ಮಾನಿಸಿಕೊಂಡ ಮೇಷ್ಟ್ರು ಕಲಿತ ನಗೆಯನ್ನು ನಕ್ಕರೆ ಅವಳಿಗೆ ಅದು ಗೊತ್ತಾಗುತ್ತದೆ. ಫುಂಗ್ಸ್ಟ್‌ರಿಗೇ ತಡೆಯಲಾಗದ ಕತ್ತನ್ನು ಎರಡು ದಿನದ ಶಿಬಿರ ತಡೆಯಬಲ್ಲದೆ?

ಹೊರನಾಡಿನ ಕೈಪಿಡಿಗಳನ್ನು ಹಾಗೆಹಾಗೆಯೇ ತಂದು ಒಪ್ಪಿಸುವುದು ಇನ್ನೊಂದು ತೊಡಕು. ಮಾತನಾಡುವಾಗ ಕಣ್ಣಲ್ಲಿ ಕಣ್ಣಿಡಬೇಕು, ಕಣ್ಣು ತಪ್ಪಿಸುವವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಆ ಕೈಪಿಡಿಗಳು ಹೇಳುತ್ತವೆ. ನಮ್ಮ ಹಳ್ಳಿಯ ಮನೆಗಳಲ್ಲಿ ಹಿರಿಯರು ಬೈಯುವಾಗ ತಲೆತಗ್ಗಿಸಿ ನಿಲ್ಲುವುದೇ ಮರ್ಯಾದೆ. ತಲೆಯೆತ್ತಿದರೆ ‘ಏನೋ, ದುರುಗುಟ್ಟಿ ನೋಡ್ತೀಯಾ?’ ಎಂಬ ಇನ್ನೊಂದು ಬೈಗುಳ ಕಾದಿರುತ್ತದೆ. ಅದೇ ಹುಡುಗ ಪಟ್ಟಣದ ಕಾನ್ವೆಂಟಿಗೆ ಸೇರಿದಾಗ, ತಲೆತಗ್ಗಿಸಿದ್ದಕ್ಕೇ ಕಳ್ಳನೆನಿಸಿಕೊಳ್ಳುತ್ತಾನೆ. ಕತ್ತನ್ನು ಅತ್ತಿತ್ತ ಓಲಾಡಿಸಿ ನಾವು ‘ಆಯ್ತು’ ಎನ್ನುವುದು ಹೊರಗಿನವರಿಗೆ ‘ಇಲ್ಲ’ ಎಂದು ಕಂಡೀತು. ಮಗುವಿನ ಮೈ ಯಾವ ಮನೆಯಲ್ಲಿ ಮಾತು ಕಲಿತಿದೆ ಎಂಬುದು ತಿಳಿಯದೆ ಅದನ್ನು ಓದಹೊರಡುವುದು ಲಿಪಿ ತಿಳಿಯದೆ ಶಾಸನ ಓದಿದಂತೆ.

ಕಣ್ಣಿಗಿಂತಲೂ ಹೆಚ್ಚು ಮಾತಾಡುವುದು ದೂರ. ಎಡ್ವರ್ಡ್ ಹಾಲ್ ಎಂಬ ಮಾನವಶಾಸ್ತ್ರಜ್ಞರು 1966ರಲ್ಲಿ ಅಮೆರಿಕದ ಮಧ್ಯಮ ವರ್ಗದವರನ್ನು ಗಮನಿಸಿ ಒಂದು ಲೆಕ್ಕ ಕೊಟ್ಟರು. ಸುಮಾರು 4 ಅಡಿಯವರೆಗೆ ಆತ್ಮೀಯರ, ಸ್ನೇಹಿತರ ಮಾತುಕತೆ. 12 ಅಡಿಯವರೆಗೆ ವ್ಯವಹಾರದ ಮಾತು. ಅದರಾಚೆ ಸಾರ್ವಜನಿಕ ಭಾಷಣ. ಈ ಅಳತೆ ಊರಿಂದೂರಿಗೆ ಬದಲಾಗುತ್ತದೆ, ನಮ್ಮ ಬಸ್ಸುಗಳಲ್ಲಂತೂ ಕೇಳುವುದೇ ಬೇಡ. ಆದರೂ 20 ಅಡಿ ಉದ್ದದ ಕೊಠಡಿಯಲ್ಲಿ ಮೇಷ್ಟ್ರು ಕಪ್ಪು ಹಲಗೆ ಬಿಟ್ಟು ಕದಲದಿದ್ದರೆ ಏನಾಗುತ್ತದೆ ಎಂದು ಲೆಕ್ಕ ಹಾಕಬಹುದು. ಮೊದಲ ಸಾಲಿಗೆ ಪಾಠ, ಕೊನೆಯ ಸಾಲಿಗೆ ಭಾಷಣ. ಕೊನೆಯ ಬೆಂಚಿನವರು ಗಲಾಟೆ ಮಾಡುತ್ತಾರೆ ಎಂಬ ದೂರು ಎಲ್ಲ ಶಾಲೆಗಳಲ್ಲೂ ಇದೆ. ಭಾಷಣ ಕೇಳುವವರು ಎಲ್ಲಿ ತಾನೇ ಸುಮ್ಮನಿರುತ್ತಾರೆ?

ಯಾರನ್ನು ಎಲ್ಲಿ ಕೂರಿಸುತ್ತಾರೆ ಎಂಬುದು ಈ ದೇಶದಲ್ಲಿ ಬರಿಯ ಅಡಿ ಅಂಗುಲದ ಮಾತಲ್ಲ. ಬಿ.ಆರ್. ಅಂಬೇಡ್ಕರ್ ತಮ್ಮ ಬಾಲ್ಯದ ಶಾಲೆಯನ್ನು ನೆನೆದು ಬರೆದಿದ್ದಾರೆ. ಸಾತಾರಾದ ಆ ಶಾಲೆಯಲ್ಲಿ ಅವರು ಉಳಿದವರಿಂದ ಬೇರೆಯಾಗಿ ಒಂದು ಗೋಣಿತಟ್ಟಿನ ಮೇಲೆ ಕೂರಬೇಕಾಗಿತ್ತು. ಶಾಲೆ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಸಂಜೆ ಅದನ್ನು ಮನೆಗೆ ಒಯ್ದು ಮರುದಿನ ಮತ್ತೆ ತರಬೇಕಾಗಿತ್ತು. ನಲ್ಲಿಯನ್ನು ಜವಾನನೇ ತಿರುಗಿಸಬೇಕು. ಜವಾನನಿಲ್ಲದ ದಿನ ನೀರೂ ಇಲ್ಲ. ಅಂಥ ಕೊಠಡಿಯಲ್ಲಿ ಮೇಷ್ಟ್ರು ಎಷ್ಟೇ ಸವಿಯಾಗಿ ಮಾತಾಡಿದ್ದರೂ ಗೋಣಿತಟ್ಟಿನ ಮಾತೇ ಮೇಲಾಗುತ್ತಿತ್ತು. ಸಂವಿಧಾನ ಅಸ್ಪೃಶ್ಯತೆಯನ್ನು ನಿಷೇಧಿಸಿತು. ಆದರೆ ಸ್ಲೇಟನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟು ತಳ್ಳುವುದು, ಒಬ್ಬನ ಬೆನ್ನು ತಟ್ಟಿ ಇನ್ನೊಬ್ಬನಿಗೆ ಬಾಯಲ್ಲಷ್ಟೇ ಭೇಷ್ ಎನ್ನುವುದು ಯಾವ ಕಾಯಿದೆಯ ಕಣ್ಣಿಗೂ ಬೀಳದ ಸಂಗತಿಗಳು. ಮಗುವಿನ ಕಣ್ಣಿಗೆ ಬೀಳುತ್ತವೆ.

ಮುಟ್ಟುವ ಮಾತು ಬಂದದ್ದರಿಂದ ಒಂದು ವಿಷಯ. ಹಳೆಯ ಕೂಲಿಮಠಗಳಲ್ಲಿ ಅಯ್ಯನವರ ಕೈ ಮಕ್ಕಳನ್ನು ಮುಟ್ಟುತ್ತಿದ್ದದ್ದು ಬಹುಮಟ್ಟಿಗೆ ಬೆತ್ತದ ಮೂಲಕ. ಹಗ್ಗ ಹಿಡಿಸಿ ನೇತುಹಾಕುವ ಕೋದಂಡದ ಶಿಕ್ಷೆಯ ನೆನಪು ಹಿರಿಯರ ಬಾಯಲ್ಲಿ ಉಳಿದುಬಂದಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಮಕ್ಕಳನ್ನು ಲೈಂಗಿಕ ಕಿರುಕುಳದಿಂದ ಕಾಪಾಡಲು 2012ರಲ್ಲಿ ಪ್ರತ್ಯೇಕ ಕಾಯಿದೆ ಬಂತು. ಹೀಗಾಗಿ ಬೆನ್ನು ತಟ್ಟುವ ಕೈಯೂ ಇಂದು ಒಂದು ಕ್ಷಣ ಯೋಚಿಸುತ್ತದೆ. ಯೋಚಿಸಲಿ, ತಪ್ಪಿಲ್ಲ. ಮುಟ್ಟದೆಯೂ ಹತ್ತಿರ ಹೋಗಲು ಬರುತ್ತದೆ.

ಹೇಗೆ ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯಲ್ಲಿ ಸುತ್ತಲ ಹಳ್ಳಿಶಾಲೆಗಳಿಗಾಗಿ ರೂಪಿಸಿದ್ದ ವಿಧಾನವನ್ನು ಕಂಡುಬಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು 1995ರಲ್ಲಿ, ಯುನಿಸೆಫ್ ನೆರವಿನಿಂದ, ‘ನಲಿ-ಕಲಿ’ಯನ್ನು ಆರಂಭಿಸಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹರಡಿತು. ಕಾರ್ಡುಗಳು, ಕಲಿಕೆಯ ಏಣಿ, ಹಾಡು, ಕುಣಿತಗಳ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ಆದರೆ ಅದು ಮೇಷ್ಟ್ರ ಮೈಯನ್ನು ಎಲ್ಲಿಂದ ಎಲ್ಲಿಗೆ ತಂದಿತು ಎಂಬುದನ್ನು ಯಾರೂ ಅಷ್ಟಾಗಿ ಗಮನಿಸಿದಂತಿಲ್ಲ. ಕುರ್ಚಿ, ಮೇಜು ಬದಿಗೆ ಸರಿದವು. ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ ಕುಳಿತರು. ಮೇಷ್ಟ್ರೂ ನೆಲಕ್ಕೆ ಬಂದರು. ಗೋಡೆಯ ಬುಡದಲ್ಲಿ ಸುತ್ತಲೂ ಮಕ್ಕಳ ಕೈಗೆಟಕುವ ಎತ್ತರದಲ್ಲಿ ಕಪ್ಪು ಬಣ್ಣ ಬಳಿದು ಅವರಿಗೇ ಬಿಟ್ಟುಕೊಡಲಾಯಿತು. ಮಕ್ಕಳು ಮಾಡಿದ್ದನ್ನು ತೂಗುಹಾಕಲು ತಲೆಯ ಮೇಲೊಂದು ಚಪ್ಪರ. ಇಲ್ಲಿ ಯಾರೂ ಯಾರಿಗೂ ನಗಲು ಕಲಿಸಲಿಲ್ಲ. ಕೂರುವ ಜಾಗ ಬದಲಾದಾಗ ಕಣ್ಣಿನ ಮಟ್ಟ ತಾನಾಗಿ ಬದಲಾಯಿತು. ಯಾವ ಗುಂಪಿಗೆ ಶಿಕ್ಷಕರ ಪೂರ್ತಿ ನೆರವು ಬೇಕೋ ಅದರ ಜೊತೆಯಲ್ಲಿ ಅವರು ಕೂರಬೇಕೆಂಬುದು ಕ್ರಮ. ಎಂದರೆ, ಯಾವ ಮಗುವಿನಿಂದ ಮೇಷ್ಟ್ರು ಅರಿವಿಲ್ಲದೆ ದೂರ ಸರಿಯುತ್ತಾರೋ ಅದೇ ಮಗುವಿನ ಪಕ್ಕಕ್ಕೆ ವ್ಯವಸ್ಥೆಯೇ ಅವರನ್ನು ತಂದು ಕೂರಿಸಿತು.

ಇದು ಎಲ್ಲ ಕಡೆ ಹೀಗೆಯೇ ನಡೆಯುತ್ತಿದೆ ಎಂದಲ್ಲ. ಮಂಡಿನೋವಿನ ಶಿಕ್ಷಕಿಗೆ ದಿನಕ್ಕೆ ಇಪ್ಪತ್ತು ಸಲ ಎದ್ದು ಕೂರುವುದು ಸಣ್ಣ ಮಾತಲ್ಲ. ಎರಡು ಮೂರು ತರಗತಿಗಳನ್ನು ಒಬ್ಬರೇ ನಿಭಾಯಿಸುವಲ್ಲಿ ಗುಂಪುಗಳು ಹೆಸರಿಗಷ್ಟೇ ಉಳಿಯುವುದೂ ಉಂಟು. ಮಕ್ಕಳು ಮುಂದಿನ ತರಗತಿಗಳಿಗೆ ಹೋದಾಗ ಮತ್ತೆ ಬೆಂಚು, ಮತ್ತೆ ಸಾಲು.

ಸಾಲು ತಪ್ಪದ ಕೊಠಡಿಯಲ್ಲೂ ಮಾಡಬಹುದಾದದ್ದು ಒಂದಿದೆ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ ತರಗತಿಗಳ ಧ್ವನಿಮುದ್ರಣಗಳನ್ನು ಕೇಳುತ್ತ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆ ಎಂದು ಅಳೆದರು. 1974ರಲ್ಲಿ ಅವರು ಪ್ರಕಟಿಸಿದ ಉತ್ತರ: ಸುಮಾರು ಒಂದು ಸೆಕೆಂಡು. ಅದರಲ್ಲೂ ಜಾಣರೆಂದು ಎಣಿಸಿದವರಿಗೆ ಹೆಚ್ಚು ಹೊತ್ತು, ಹಿಂದುಳಿದವರೆಂದು ಎಣಿಸಿದವರಿಗೆ ಕಡಿಮೆ. ನಿಧಾನವಾಗಿ ಯೋಚಿಸುವ ಮಗುವಿಗೇ ಕಡಿಮೆ ಹೊತ್ತು! ಕಾಯುವುದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಎನ್ನುವುದು ಕಡಿಮೆಯಾಯಿತು, ಅದುವರೆಗೆ ಬಾಯಿ ಬಿಡದಿದ್ದವರು ಬಾಯಿ ಬಿಟ್ಟರು.

ಮೂರು ಸೆಕೆಂಡು ಕೇಳುವುದಕ್ಕೆ ಏನೂ ಅಲ್ಲ. ನಿಂತು ನೋಡಿದರೆ ಗೊತ್ತಾಗುತ್ತದೆ ಅದೆಷ್ಟು ಉದ್ದ ಎಂದು. ಆ ಹೊತ್ತಿನಲ್ಲಿ ಪುಸ್ತಕದ ಹಾಳೆ ತಿರುವಬಾರದು, ಕೈಗಡಿಯಾರ ನೋಡಬಾರದು, ಮುಂದಿನ ಬೆಂಚಿನಲ್ಲಿ ‘ಸಾರ್, ಸಾರ್’ ಎಂದು ಎದ್ದ ಕೈಗಳ ಕಡೆಗೆ ಕಣ್ಣು ಹಾಯಬಾರದು. ಇಷ್ಟನ್ನೂ ಮೇಷ್ಟ್ರು ತಾವೇ ಗಮನಿಸಿಕೊಳ್ಳಲಾರರು. ವಾರಕ್ಕೊಂದು ಪಿರಿಯಡ್ ಬಿಡುವಿರುವ ಸಹೋದ್ಯೋಗಿಯೊಬ್ಬರು ಕೊನೆಯ ಬೆಂಚಿನಲ್ಲಿ ಹುಡುಗರ ಪಕ್ಕದಲ್ಲಿ ಕುಳಿತು, ಯಾರಿಗೆ ಎಷ್ಟು ಹೊತ್ತು ಕಾದಿರಿ, ಯಾರ ಕಡೆ ತಿರುಗಿದಿರಿ, ಯಾರ ಬಳಿಗೆ ಒಮ್ಮೆಯೂ ಹೋಗಲಿಲ್ಲ ಎಂಬುದನ್ನು ಹಾಜರಿ ಪಟ್ಟಿಯ ಹೆಸರುಗಳ ಮುಂದೆ ಗುರುತು ಹಾಕಿಕೊಟ್ಟರೆ ಸಾಕು. ಮರುವಾರ ಇವರು ಅವರ ತರಗತಿಯಲ್ಲಿ ಕುಳಿತುಕೊಳ್ಳಲಿ. ಖರ್ಚು ಒಂದು ಹಾಳೆ, ಒಂದು ಪೆನ್ಸಿಲ್. ಕೊನೆಯ ಬೆಂಚಿನಿಂದ ಕಪ್ಪು ಹಲಗೆ ಎಷ್ಟು ಕಾಣುತ್ತದೆ ಎಂಬುದೂ ಇಬ್ಬರಿಗೂ ಆಗಲೇ ಗೊತ್ತಾಗುತ್ತದೆ.